ತಮ್ಮನ ಕ್ಯಾಸೆಟ್ಟು

ತಮ್ಮನ ಕ್ಯಾಸೆಟ್ಟನ್ನು ನಾನು ಕೇಳಲಿಲ್ಲ. ನಂಗಲಿಯ ಹೆದ್ದಾರಿ ಬದಿಯಲ್ಲಿ ಕ್ಯಾಸೆಟ್ಟಂಗಡಿ ಇಟ್ಟುಕೊಂಡು ಕಂಡವರ ಹಾಡನ್ನೆಲ್ಲ ಕೇಳಿದವಳು, ಒಡಹುಟ್ಟಿದವನದನ್ನು ಮಾತ್ರ ಕೇಳಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಅಂದುಕೊಳ್ಳುತ್ತೇನೆ; ನಗದಿದ್ದರೆ ಜಾಸ್ತಿಯೇ ಬಿದ್ದಿದೆ ಅಂತ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಭೂಮಿ ತಿರುಗುತ್ತದೆಂದು ಮೇಷ್ಟ್ರು ಹೇಳಿದ್ದನ್ನು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ತಮ್ಮ ಮುಳಬಾಗಿಲಿನ ತಂಡವೊಂದರಲ್ಲಿ ಜನಪದ ಧಾಟಿಗೆ ಗಿಟಾರು ಸೇರಿಸಿ, ತಾನೇ ಕಟ್ಟಿದ ಪದಗಳನ್ನು ವರ್ಷಗಟ್ಟಲೆ ಹಾಡಿದವನು. ತಂಡ ಒಡೆದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಒಬ್ಬನೇ ಒಂದು ಕ್ಯಾಸೆಟ್ಟು ಹೊರತಂದ. ಅದರ ಪ್ರತಿಗಳನ್ನು ಒಂದು ಡಬ್ಬದ ತುಂಬ ನನ್ನಂಗಡಿಗೆ ತಂದಿಟ್ಟು, "ಕೇಳಕ್ಕಾ, ಎರಡನೇ ಕಡೆ ಮೊದಲನೇದು" ಅಂದು ಹೋದ. ತಿರುಗಿಸಿ ಓದಿದೆ: 'ಅನುಮಾನದಕ್ಕ'. ಇನ್ನೇನು ಕೇಳುವುದು? ಜಿಲ್ಲೆಯ ಮುಂದೆಲ್ಲ ನನ್ನ ಮಾನ ಹರಾಜು ಹಾಕಿದ್ದಾನೆ ಎಂದುಕೊಂಡೆ.

ಲಾರಿಯವರಿಗೆ ಬೇಕಾದದ್ದು ತೆಲುಗು ಸಿನಿಮಾ ಹಾಡು. "ಅಕ್ಕಾ, ಮಂಚಿ ಪಾಟಲು, ಒಳ್ಳೊಳ್ಳೆ ಹಾಡು ತುಂಬಿಕೊಡಿ" ಅನ್ನುತ್ತಿದ್ದರು. ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಕ್ಯಾಸೆಟ್ಟಿನ ಮೇಲಂಚಿನ ತೂತಿಗೆ ಅಂಟುಟೇಪು ಹಚ್ಚಿದರೆ, ಹಾಡು ತುಂಬಿದ ಕ್ಯಾಸೆಟ್ಟೂ ಖಾಲಿಯದರಂತೆ ಹೊಸ ಹಾಡು ತುಂಬಿಕೊಳ್ಳುತ್ತದೆ. ಹಾಗೆ ಒಂದೊಂದಾಗಿ ತಮ್ಮನ ಡಬ್ಬ ಬರಿದಾಯಿತು. ಅವನು ವಿಚಾರಿಸಿದಾಗ "ಎಲ್ಲಾ ಹೋಯ್ತು ಕಣೋ" ಅಂದೆ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೊಬೈಲು ಬಂದು ಅಂಗಡಿ ಮುಚ್ಚಿದ ಮೇಲೆ ಒಂದು ಮಧ್ಯಾಹ್ನ ತಮ್ಮ ಬಂದ. ತನ್ನಲ್ಲಿ ಉಳಿದಿದ್ದ ಒಂದೇ ಕ್ಯಾಸೆಟ್ಟನ್ನು ನನ್ನ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದ. ಹಾಡಿನ ಮೊದಲ ಚರಣದಲ್ಲೇ ಬೀಗ ಹಾಕಿ, ಬೀದಿ ದಾಟಿ, ಮತ್ತೆ ಬಂದು ಎಳೆದು ನೋಡುವ ಅಕ್ಕ. ನಾನೇ, ಸಂಶಯವಿಲ್ಲ. ಜಗಳಕ್ಕೆ ಸೆರಗು ಬಿಗಿದೆ. ಅಷ್ಟರಲ್ಲಿ ಎರಡನೇ ಚರಣ ಬಂತು: ತಂಡದ ಹಾರ್ಮೋನಿಯಂ ಕಳುವಾಗಿ ಊರೆಲ್ಲ ತನ್ನನ್ನು ಕಳ್ಳ ಅಂದಾಗ, ಆ ಊರಿನ ಮಾತನ್ನೂ ನಂಬದೆ ನಿಂತವಳು ಅಕ್ಕನೊಬ್ಬಳೇ.

"ಕೋಲಾರ, ಮಾಲೂರು, ಎಲ್ಲೂ ಯಾರೂ ಮುಟ್ಟಲಿಲ್ಲಕ್ಕ. ನಿನ್ನಂಗಡೀಲಿ ಮಾತ್ರ ಹೋಯ್ತು. ಚಿತ್ತೂರ್ ಕಡೆ ಯಾವನೋ ಡ್ರೈವರು ಈಗ್ಲೂ ನಿನ್ ಹಾಡು ಹಾಡ್ತಿರ್ತಾನೆ ನೋಡು" ಎಂದು ತಮ್ಮ ನಕ್ಕ.

ಸುಮ್ಮನಿದ್ದಿದ್ದರೆ ಆ ನಗು ಉಳಿಯುತ್ತಿತ್ತು. ಆದರೆ ನನ್ನ ಮಾತನ್ನು ಒಮ್ಮೆಯೂ ಅನುಮಾನಿಸದವನ ಎದುರು ಇನ್ನೊಂದು 'ಹೂಂ' ಹೇಳಲು ನಾಲಿಗೆ ಏಳಲಿಲ್ಲ.

"ಯಾರೂ ಹಾಡ್ತಿಲ್ಲ ಕಣೋ. ನಿನ್ ಅಷ್ಟೂ ಕ್ಯಾಸೆಟ್ಟಿಗೆ ತೆಲುಗು ಪಾಟ ತುಂಬಿ ಮಾರಿದೋಳು ನಾನೇ. ಕೇಳ್ದೇನೇ ಅಳಿಸ್ಬಿಟ್ಟೆ. ತಪ್ಪಾಯ್ತಪ್ಪಾ."