ಏಳಲಾಗದವರ ಮೈ ಕಾಯುವ ಬೆಣ್ಣೆಕ್ಕ

ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಕಬ್ಬಿಣದ ಮಂಚದ ಸರಳಿಗೆ ಉಗುರು ತಾಗುವ ಸದ್ದು. ಬೆಳಕು ಹರಿಯಲು ಇನ್ನೂ ಹೊತ್ತಿದೆ. ಹೊಸಬರಾದರೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿದೆ ಎಂದುಕೊಂಡು ಸುಮ್ಮನಾಗುತ್ತಾರೆ. ಬೆಣ್ಣೆಕ್ಕ ಸುಮ್ಮನಾಗುವುದಿಲ್ಲ. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಕಿಟಕಿ ಪಕ್ಕದ ಮಂಚಕ್ಕೆ ಬರುತ್ತಾರೆ.

ಅಲ್ಲಿ ಮಲಗಿರುವವರು ಟೈಲರಮ್ಮ. ಪಾರ್ಶ್ವವಾಯು ಬಡಿದು ಮಾತು ನಿಂತಿದೆ, ಎಡಗೈ ಒಂದೇ ಆಡುತ್ತದೆ. ಒಂದು ಟಕ್ ಎಂದರೆ ನೀರು, ಎರಡು ಎಂದರೆ ಮಗ್ಗುಲು ಬದಲಿಸು. ಇಬ್ಬರೂ ಸೇರಿ ಕಟ್ಟಿಕೊಂಡ ಭಾಷೆ ಅದು. ಆದರೆ ನೀರು ಕುಡಿಸಿ, ಮಗ್ಗುಲು ಬದಲಿಸಿದ ಮೇಲೂ ಸದ್ದು ನಿಲ್ಲುತ್ತಿಲ್ಲ.

“ಏನಮ್ಮಾ ಇವತ್ತು, ರಾತ್ರಿಯೆಲ್ಲಾ ಮೆಷಿನ್ ಓಡಿಸ್ತಾನೇ ಇದೀರಲ್ಲ. ಅಷ್ಟೊಂದು ಬಟ್ಟೆ ಯಾರು ಕೊಟ್ರು?” ಎನ್ನುತ್ತಾರೆ ಬೆಣ್ಣೆಕ್ಕ. ದಿನವೂ ಈ ಮಾತಿಗೆ ಟೈಲರಮ್ಮನ ಅರ್ಧ ತುಟಿ ನಗುತ್ತದಂತೆ. ಇವತ್ತು ನಗುವುದಿಲ್ಲ.

ಇದು ಮತ್ತೆ ಎದ್ದು ನಡೆಯಲಾರದವರನ್ನು ಇಟ್ಟುಕೊಳ್ಳುವ ಆರೈಕೆ ಮನೆ. ಹದಿನಾಲ್ಕು ಮಂಚದ ಹೆಂಗಸರ ವಾರ್ಡಿಗೆ ರಾತ್ರಿ ಇವರೊಬ್ಬರೇ ಆಯಾ. ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಬೇಕು, ಒರೆಸಬೇಕು, ಮುಲಾಮು ಹಚ್ಚಬೇಕು. ಸದಾ ಜಿಡ್ಡಾದ ಕೈಯಿಂದಾಗಿ ಈ ಅಡ್ಡಹೆಸರು ಬಂದಿದೆ. ಮನೆಗೆ ಹೋದರೆ ಗಂಡನದು ಒಂದೇ ತಕರಾರು: ಇವಳು ಮುಟ್ಟಿದ ಮೇಲೆ ಬಾಗಿಲ ಚಿಲಕವೂ ಕೈಗೆ ಸಿಗುವುದಿಲ್ಲ.

ತಳ್ಳುಗಾಡಿಯ ಮೇಲೆ ಮುಚ್ಚಳದ ಡಬ್ಬಿಗಳಿವೆ. ಯಾವುದರಲ್ಲೂ ಪರಿಮಳವಿಲ್ಲ. ಇವರ ಬಗ್ಗೆ ಬರೆಯಲು ಬಂದಿರುವ ನಾನು ಕೇಳಿದಾಗ ಕೆಲಸ ನಿಲ್ಲಿಸದೆಯೇ ವಿವರಿಸುತ್ತಾರೆ. “ಗ್ಲಿಸರಿನ್ ನೀರನ್ನ ಎಳ್ಕೊಳ್ಳತ್ತೆ. ಅದಕ್ಕೇ ಮೈ ಒರೆಸಿದ ತಕ್ಷಣ, ಪಸೆ ಇರೋವಾಗ್ಲೇ ಹಚ್ಬೇಕು. ಈ ಪೆಟ್ರೋಲಿಯಂ ಜೆಲ್ಲಿ ಏನೂ ಎಳ್ಕೊಳ್ಳಲ್ಲ. ಒಳಗಿರೋದನ್ನ ಹೊರಗೆ ಬಿಡಲ್ಲ, ಅಷ್ಟೆ. ಝಿಂಕು ಮುಲಾಮು ಒದ್ದೆಯಾಗೋ ಜಾಗಕ್ಕೆ.” ಬಂಧುಗಳು ತರುವ ಘಮಘಮ ಲೋಷನ್ನುಗಳನ್ನು ಮಾತ್ರ ಮುರಿದ ಚರ್ಮದ ಹತ್ತಿರ ಸೇರಿಸುವುದಿಲ್ಲ. “ನೋಡೋಕೆ ಬಂದವರಿಗೆ ವಾಸನೆ, ಮಲಗಿದವರಿಗೆ ಉರಿ.”

ಇದನ್ನೆಲ್ಲ ಅವರು ಕಲಿತದ್ದು ಹಳೆಯ ಹೆಡ್ ಸಿಸ್ಟರ್ ಒಬ್ಬರಿಂದ. ಕಲಿಯಬೇಕೆಂಬ ಹಟ ಬಂದದ್ದು ಅತ್ತೆಯಿಂದ. ಅತ್ತೆ ಹಾಸಿಗೆ ಹಿಡಿದಾಗ ಮನೆಯವರೆಲ್ಲ ಅನ್ನ, ನೀರು, ಔಷಧಿ ಎಂದು ಓಡಾಡಿದರಂತೆ. ಬೆನ್ನ ಕೆಳಗೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನೋಡುವ ಹೊತ್ತಿಗೆ ಹುಣ್ಣಿನ ತಳದಲ್ಲಿ ಮೂಳೆ ಕಾಣುತ್ತಿತ್ತು.

ವಾರ್ಡಿನಲ್ಲಿ ಒಂದು ಕಟ್ಟಳೆಯಿದೆ. ಯಾರ ಪಾಳಿಯಲ್ಲಿ ಹೊಸ ಹುಣ್ಣು ಕಂಡಿತೋ ಆ ಆಯಾ ನೆಲಮಾಳಿಗೆಯ ಲಾಂಡ್ರಿಗೆ ಹೋಗಬೇಕು. ಬೆಣ್ಣೆಕ್ಕ ಹಿಂದೊಮ್ಮೆ ಅಲ್ಲಿದ್ದವರು. ಬ್ಲೀಚು ಅವರ ಕೈಗೆ ಒಗ್ಗುವುದಿಲ್ಲ. ಬೆರಳ ಸಂದುಗಳು ಬಿರಿದು, ತುತ್ತು ಕಲಸಿ ತಿನ್ನಲಾಗದೆ ಚಮಚ ಹಿಡಿಯಬೇಕಾಗಿತ್ತಂತೆ. ಆ ಬಿರುಕುಗಳ ಗುರುತು ಇನ್ನೂ ಇದೆ.

ಟಕ್ ಟಕ್ ಟಕ್. ಬೆಣ್ಣೆಕ್ಕ ದೀಪವನ್ನು ಹತ್ತಿರಕ್ಕೆ ಎಳೆದು ಟೈಲರಮ್ಮನ ಹೊದಿಕೆ ಸರಿಸುತ್ತಾರೆ. ಮೂರು ದಿನದಿಂದ ಸೊಂಟದ ಬಳಿ ಕೆಂಪಗಾಗುತ್ತಿತ್ತು. ಕೆಂಪು ಹೆಚ್ಚಿದಷ್ಟೂ ಇವರು ಜೆಲ್ಲಿ ದಪ್ಪಗೆ ಬಳಿದಿದ್ದರು. ಈಗ ಅಲ್ಲಿ ಅಂಗೈಯಗಲ ಚರ್ಮ ಬೆಳ್ಳಗೆ ನೆನೆದು, ಅಂಚಿನಿಂದ ಸುಲಿದು ಬಂದಿದೆ. ಬೆಣ್ಣೆಕ್ಕ ಬಗ್ಗಿ ಮೂಸುತ್ತಾರೆ. ತಮ್ಮ ಯಾವ ಡಬ್ಬಿಯ ವಾಸನೆಯೂ ಅಲ್ಲ ಅದು. ಮಂಚದ ಪಕ್ಕದ ಗೂಡು ತೆರೆದರೆ ಅರ್ಧ ಹಿಂಡಿದ ಟ್ಯೂಬು ಸಿಗುತ್ತದೆ. ಎದುರು ಮಂಚದವರ ಒಡೆದ ಹಿಮ್ಮಡಿಗೆ ಇವರೇ ಹಚ್ಚುವಂಥದೇ ಯೂರಿಯಾ ಕ್ರೀಮು. ಹಿಮ್ಮಡಿಯ ಒರಟು ಚರ್ಮವನ್ನು ಸಡಿಲಿಸಿ ಮೆದುವಾಗಿಸುವಂಥದ್ದು. ಮುದುಕಿಯ ಸೊಂಟದಲ್ಲಿ ಸಡಿಲಿಸಲು ಇದ್ದದ್ದು ಹಾಳೆಯಷ್ಟು ತೆಳು ಚರ್ಮ.

“ಮಗಳು ಸಂಜೆ ಬಂದಾಗ ಪರದೆ ಎಳ್ಕೊಂಡು ಹಚ್ಚಿದಾಳೆ,” ಎನ್ನುತ್ತಾರೆ. ಟ್ಯೂಬಿನ ಮುಚ್ಚಳ ಬಿಗಿ ಮಾಡುತ್ತಾರೆ. “ಅದು ಹೊರಗೆ ಹೋಗದ ಹಾಗೆ ರಾತ್ರಿ ಮೇಲಿಂದ ಮುಚ್ಚಿದ್ದು ನಾನು. ಬೇಡ ಬೇಡ ಅಂತ ಸರಳು ಬಡೀತಿದ್ರು. ನಾನು ನೀರು ಕುಡಿಸ್ತಿದ್ದೆ.”

ಉಪ್ಪುನೀರಿನಲ್ಲಿ ತೊಳೆದು ಸಿಸ್ಟರನ್ನು ಕರೆಯುತ್ತಾರೆ. ಸಿಸ್ಟರ್ ಗಾಯಕ್ಕೆ ಪಟ್ಟಿ ಹಾಕುತ್ತಾರೆ. ಈ ವಯಸ್ಸಿನಲ್ಲಿ ಇದು ಮಾಯುವುದು ಅನುಮಾನ ಎಂದು, ರೋಗಿಯ ಕಿವಿಗೆ ಬೀಳದಂತೆ ಹೇಳುತ್ತಾರೆ. ಉಗುರಿನ ಸದ್ದು ಈಗ ನಿಂತಿದೆ. ಟ್ಯೂಬು ಬೆಣ್ಣೆಕ್ಕನ ಏಪ್ರನ್ ಜೇಬಿನಲ್ಲಿದೆ.

ಬೆಳಿಗ್ಗೆ ಮಗಳು ಬರುತ್ತಾಳೆ. ಮಗಳು ಎಂದೇ ಇಟ್ಟುಕೊಳ್ಳೋಣ. ಇಲ್ಲಿ ಸಂಬಂಧವನ್ನೂ ರೋಗಿಯ ಕಸುಬನ್ನೂ ನಾನು ಬದಲಿಸಿದ್ದೇನೆ. ಗುರುತು ಸಿಗದಂತೆ ಬರೆಯುತ್ತೇನೆಂದು ಬೆಣ್ಣೆಕ್ಕನಿಗೆ ಮಾತು ಕೊಟ್ಟಿದ್ದೇನೆ. ಪಟ್ಟಿ ಕಂಡದ್ದೇ ಆಕೆಯ ಮುಖ ಬಿಳಿಚಿಕೊಳ್ಳುತ್ತದೆ. ತನ್ನ ಕೈಲಾದದ್ದನ್ನೆಲ್ಲ ಮಾಡಿದೆನಲ್ಲ ಎಂದು ಹೇಳುತ್ತಲೇ ಹೋಗುತ್ತಾಳೆ. ಕೆಂಪು ನೋಡಿ ಹೆದರಿ, ಎದುರು ಮಂಚದವರಿಗೆ ಹಚ್ಚುವ ಕ್ರೀಮೇ ಬೇಕೆಂದು ಅಂಗಡಿಗೆ ಓಡಿದ್ದಳು. ಯೂರಿಯಾ ಹತ್ತು ಪರ್ಸೆಂಟಿನದೂ ಇಪ್ಪತ್ತೈದರದೂ ಎರಡೂ ಇದ್ದವು. ಅಮ್ಮನಿಗಲ್ಲವೇ ಎಂದು ಇಪ್ಪತ್ತೈದರದೇ ತಂದಳು. ಮೂರು ಸಂಜೆ ತಾನೇ ಹಚ್ಚಿದಳು. ಆಮೇಲೆ ಬೆಣ್ಣೆಕ್ಕನ ಕಡೆ ತಿರುಗುತ್ತಾಳೆ.

“ರಾತ್ರಿ ಹೊತ್ತು ಮಗ್ಗುಲು ಬದಲಿಸ್ತಿರ್ಲಿಲ್ವಾ ನೀವು?”

 ಅದೇ ಹೊತ್ತಿಗೆ ಸಿಸ್ಟರ್ ಬಾಗಿಲಿಗೆ ಬರುತ್ತಾರೆ. ಜೇಬಿನಲ್ಲಿದ್ದ ಬೆಣ್ಣೆಕ್ಕನ ಕೈ ಖಾಲಿಯಾಗಿಯೇ ಹೊರಗೆ ಬರುತ್ತದೆ.

“ಒಂದೆರಡು ಸಲ ತಪ್ಪಿರ್ಬೇಕು ತಾಯಿ. ನಾನು ನೋಡ್ಕೋಬೇಕಿತ್ತು.”

ಸೋಮವಾರದಿಂದ ಲಾಂಡ್ರಿ ಎಂದು ಸಿಸ್ಟರ್ ಅಲ್ಲೇ ಹೇಳಿ ಹೋಗುತ್ತಾರೆ. ಮಗಳು ಕ್ರೀಮು ಎಲ್ಲಿ ಎಂದು ಗೂಡಿನಲ್ಲಿ ಹುಡುಕತೊಡಗುತ್ತಾಳೆ. ಗಾಯದ ಹತ್ತಿರ ಸದ್ಯ ಏನೂ ಬೇಡ ಎನ್ನುತ್ತ ಬೆಣ್ಣೆಕ್ಕ ಟ್ಯೂಬನ್ನು ಅವಳ ಕೈಗಿಡುತ್ತಾರೆ. “ಇದು ಹಿಮ್ಮಡಿಗೆ ಚೆನ್ನಾಗಿರತ್ತೆ. ಅಲ್ಲಿ ಹಚ್ಚು.” ಮಗಳು ಮಂಚದ ತುದಿಯಲ್ಲಿ ಕುಳಿತು ಅಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ.

ಹೊರಗೆ ಕಾರಿಡಾರಿನಲ್ಲಿ ನಾನು ಯಾಕೆ ಎಂದು ಕೇಳುತ್ತೇನೆ. ಬೆಣ್ಣೆಕ್ಕ ತಮ್ಮ ಬೆರಳ ಸಂದುಗಳಿಗೆ ಜೆಲ್ಲಿ ತಿಕ್ಕಿಕೊಳ್ಳುತ್ತಿದ್ದಾರೆ, ಸೋಮವಾರಕ್ಕೆ ಈಗಿನಿಂದಲೇ.

“ಇಲ್ಲಿ ಮಲಗಿರೋರನ್ನೆಲ್ಲ ಸಂಬಳಕ್ಕೆ ಮುಟ್ಟೋದು ನಾವು. ಹಾಗಲ್ಲದೆ ಟೈಲರಮ್ಮನ್ನ ಮುಟ್ಟೋಳು ಅವಳೊಬ್ಳೇ. ನಿನ್ನ ಕೈಯಿಂದ್ಲೇ ಆಯ್ತು ಅಂದ್ರೆ ಇನ್ನು ಆ ಮೈ ಮುಟ್ಟೋಕೆ ಹೆದರ್ತಾಳೆ. ಟೈಲರಮ್ಮಂಗೆ ಇನ್ನೆಷ್ಟು ದಿನ ಉಳ್ದಿದೆ?” ಕೈಯೊರೆಸಿದ ಬಟ್ಟೆಯನ್ನು ಮಡಿಸಿಡುತ್ತಾರೆ. “ಸಿಸ್ಟರ್‌ಗೂ ಹೇಳಲ್ಲ. ಮನೇಲಿ ನಮ್ಮವರಿಗೂ ಹೇಳಲ್ಲ. ಲಾಂಡ್ರಿಗೆ ಯಾಕೆ ಹಾಕಿದ್ರು ಅಂದ್ರೆ, ನಿದ್ದೆ ಹೋಗಿದ್ದೆ ಅಂತೀನಿ.”