ಕೆಂಪು ದೀಪ ಆರದೆ ಉರಿದರೆ

ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಕರೆದರೂ ಕೇಳಿಸುವುದಿಲ್ಲ. ಮನೆಮನೆಯ ಹಿಂದೆ ಮಗ್ಗಗಳು. ಬೆಳಿಗ್ಗೆ ಕರೆಂಟು ಬಂದರೆ ಸಾಕು, ಖಟಖಟ ಶುರು. ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಆರು ಮಗ್ಗಗಳಿದ್ದವು. ಅಜ್ಜ ಕುರಿ ಮಾರಿ ಮೊದಲ ಎರಡನ್ನು ಹಾಕಿಸಿದ್ದ, ಉಳಿದ ನಾಲ್ಕನ್ನು ಅಪ್ಪ ಕೂಡಿಸಿದ್ದ. ಒಳಗೆ ನಿಂತವರಿಗೆ ಕಿವಿಗೆ ಬಾಯಿ ಹಚ್ಚಿ ಹೇಳಿದರೂ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಹಾಗಾಗಿ ಅಪ್ಪ ಶೆಡ್ಡಿನ ಗೋಡೆಗೆ ಒಂದು ಕೆಂಪು ಬಲ್ಬು ಹಾಕಿಸಿ ಅದರ ಸ್ವಿಚ್ಚನ್ನು ಅಡುಗೆಮನೆಯಲ್ಲಿ ಇಡಿಸಿದ್ದ. ಕೆಂಪು ಹತ್ತಿತೆಂದರೆ ಒಳಗೆ ಬಾ. ರೊಟ್ಟಿ ಆಗಿರಲಿ, ಬೀಗರು ಬಂದಿರಲಿ, ಯಾರಿಗಾದರೂ ಹುಷಾರಿಲ್ಲದಿರಲಿ, ಕೆಂಪು ಅಂದರೆ ಬಾ. ನಾನು ಅಕ್ಷರ ಕಲಿಯುವ ಮೊದಲೇ ಆ ಬಲ್ಬನ್ನು ಓದಲು ಕಲಿತಿದ್ದೆ.

ವಿಮಾನದ ಹುಚ್ಚು ಹಿಡಿದದ್ದೂ ಒಂದು ಗದ್ದಲದ ನಡುವೆಯೇ. ಅದು ಚುನಾವಣೆಯ ಕಾಲ. ಅಪ್ಪನ ಜೊತೆ ಸೀರೆಯ ಗಂಟು ಹೊತ್ತು ಮುಧೋಳಕ್ಕೆ ಹೋಗಿದ್ದೆ. ಯಾರೋ ನಾಯಕರು ಹೆಲಿಕಾಪ್ಟರಿನಲ್ಲಿ ಬರುತ್ತಾರೆಂದು ಊರೆಲ್ಲ ಮೈದಾನದಲ್ಲಿತ್ತು. ಧೂಳೆದ್ದಿತು, ಟೋಪಿಗಳು ಹಾರಿದವು, ಜನ ಜೈ ಅಂದರು. ನಾನು ಆ ನಾಯಕರ ಮುಖವನ್ನೇ ನೋಡಲಿಲ್ಲ. ಕೆಳಗೆ ನಿಂತಿದ್ದ ಒಬ್ಬ ಮನುಷ್ಯ ಬಾಯಿ ತೆರೆಯದೆ ಬರೀ ಎರಡು ಕೈಗಳಿಂದ ಆ ಯಂತ್ರಕ್ಕೆ ಇತ್ತ ಬಾ, ನಿಲ್ಲು, ಇಳಿ ಅನ್ನುತ್ತಿದ್ದ, ಅದು ಹೇಳಿದಂತೆ ಕೇಳುತ್ತಿತ್ತು. ಇದು ನಮ್ಮ ಮನೆಯ ಭಾಷೆಯಲ್ಲವೇ ಎಂದು ನನಗೆ ಖುಷಿಯಾಯಿತು. ನಮ್ಮ ಶೆಡ್ಡಿನಲ್ಲೂ ನೂಲು ಕಡಿದರೆ ಎರಡು ಬೆರಳು ತೋರಿಸುತ್ತಿದ್ದೆವು, ಮಗ್ಗ ನಿಲ್ಲಿಸಬೇಕಾದರೆ ಮುಷ್ಟಿ.

ಜಮಖಂಡಿಯ ಕಾಲೇಜಿನಲ್ಲಿ ವಿಜ್ಞಾನದ ಓದು ಮುಗಿಸಿದ ಮೇಲೆ ದೂರದ ಒಂದು ಹಾರಾಟ ಶಾಲೆಗೆ ಅರ್ಜಿ ಹಾಕಿದೆ. ಉತ್ತರ ಬಂತು. ವಿಮಾನ ಮುಟ್ಟುವ ಮೊದಲು ವಾಯು ಕಾನೂನಿನ ಒಂದು ಪರೀಕ್ಷೆ ಬರೆಯಬೇಕು, ಆಮೇಲೆ ಎದುರಿಗೆ ಕೂರಿಸಿ ಸಂಕೇತಗಳ ಬಗ್ಗೆ ಕೇಳುತ್ತಾರೆ, ಎರಡರಲ್ಲೂ ಪಾಸಾದರೆ ಕಲಿಯುವವರಿಗೆ ಕೊಡುವ ಪರವಾನಗಿ. ಅಪ್ಪ ಆ ಕಾಗದವನ್ನು ಎರಡು ಸಲ ಓದಿಸಿಕೊಂಡ.

"ಒಂದ ಸಲ ನೋಡೂಣು," ಅಂದ. "ಪಾಸಾತು ಅಂದ್ರ ಹೋಗು. ಆಗಲಿಲ್ಲ ಅಂದ್ರ ಆ ಇಮಾನದ ಮಾತು ಈ ಮನ್ಯಾಗ ಮತ್ತ ತಗೀಬ್ಯಾಡ. ಮಗ್ಗಾ ಹಿಡಿ."

ಹಿಡಿ ಅನ್ನುವುದಕ್ಕೆ ನಾನು ಆಗಲೇ ಹಿಡಿದಾಗಿತ್ತು. ನೇಯುವವರಲ್ಲೊಬ್ಬರು ಕೆಲಸ ಬಿಟ್ಟಿದ್ದರು, ಅವರ ಎರಡು ಮಗ್ಗಗಳು ನನ್ನ ಪಾಲಿಗೆ ಬಂದಿದ್ದವು. ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ಎರಡರ ನಡುವಿನ ಗೇಣಗಲ ಜಾಗದಲ್ಲಿ ನಿಂತಿರಬೇಕು. ಕೂತರೆ ನೂಲು ಕಡಿದದ್ದು ಕಾಣುವುದಿಲ್ಲ, ಹೊರಗೆ ಹೋದರೆ ಬಟ್ಟೆ ಕೆಡುತ್ತದೆ. ಪುಸ್ತಕವನ್ನು ಮಗ್ಗದ ಚೌಕಟ್ಟಿಗೆ ನೂಲಿನಿಂದ ಕಟ್ಟಿಕೊಂಡು ನಿಂತೇ ಓದಿದೆ. ಆಕಾಶದ ಕಾನೂನು ಓದುತ್ತಿದ್ದವಳಿಗೆ ಆಕಾಶ ಕಾಣುತ್ತಿದ್ದದ್ದು ತಗಡಿಗೆ ಹೊಡೆದ ಮೊಳೆಯ ತೂತುಗಳಲ್ಲಿ. ಸಿಟ್ಟು ಬರುತ್ತಿತ್ತು. ಕೆಲವು ದಿನ ಮಗ್ಗಕ್ಕೆ ಒದ್ದಿದ್ದೂ ಉಂಟು, ನೋವಾದದ್ದು ಕಾಲಿಗೆ.

ಆದರೆ ನಿಯಮವೆಂದರೆ ನನಗೆ ಮೊದಲಿನಿಂದಲೂ ಪ್ರಾಣ. ಎರಡು ವಿಮಾನ ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು ಎಂದು ಓದಿದ ದಿನವೇ ಮನೆಯಲ್ಲಿ ಅದನ್ನು ಜಾರಿಗೆ ತಂದೆ. ಹಿತ್ತಲಿನ ಸಂದಿಯಲ್ಲಿ ಅಪ್ಪ ತಲೆಯ ಮೇಲೆ ಗಂಟು ಹೊತ್ತು ಬರುತ್ತಿದ್ದ. ಬಲಕ್ಕೆ ಸರಿ ಅಂದೆ.

"ನನ್ನ ಬಲಕ್ಕ ಗ್ವಾಡಿ ಐತಿ," ಅಂದ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ. ಸರಿ ಅತ್ತಾಗ!"

ನನ್ನನ್ನು ಕಾಡಿದ್ದು ದೀಪದ ಸಂಕೇತಗಳು. ವಿಮಾನದ ರೇಡಿಯೋ ಕೆಟ್ಟು ಮಾತು ನಿಂತುಹೋದರೆ ನಿಲ್ದಾಣದ ಗೋಪುರದಿಂದ ದೀಪ ತೋರಿಸುತ್ತಾರೆ. ಒಂದೊಂದು ದೀಪಕ್ಕೂ ಎರಡು ಅರ್ಥ. ಗಾಳಿಯಲ್ಲಿದ್ದವನಿಗೆ ಒಂದು, ನೆಲದ ಮೇಲಿದ್ದವನಿಗೆ ಇನ್ನೊಂದು. ಹಸಿರು ಆರದೆ ಉರಿದರೆ ಗಾಳಿಯಲ್ಲಿದ್ದವನು ಇಳಿಯಬಹುದು, ನೆಲದಲ್ಲಿದ್ದವನು ಏರಬಹುದು. ಕೆಂಪು ಆರದೆ ಉರಿದರೆ ನೆಲದಲ್ಲಿದ್ದವನು ನಿಲ್ಲಬೇಕು; ಗಾಳಿಯಲ್ಲಿದ್ದವನು ಬೇರೆಯವರಿಗೆ ದಾರಿ ಬಿಟ್ಟು, ದೀಪ ಬದಲಾಗುವ ತನಕ ಮೇಲೆಯೇ ಸುತ್ತುತ್ತಿರಬೇಕು. ಇವನ್ನೆಲ್ಲ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕನ್ನಡದಲ್ಲಿ, ಮೊದಲು ಗಾಳಿಯಲ್ಲಿದ್ದವರದು, ಆಮೇಲೆ ನೆಲದಲ್ಲಿದ್ದವರದು ಎಂದು ಎರಡು ಸಾಲು ಮಾಡಿ ಬರೆದು ಅವ್ವನ ಕೈಗೆ ಕೊಟ್ಟಿದ್ದೆ. ನಾಲ್ಕನೇ ಇಯತ್ತೆ ಓದಿದ ಅವ್ವ ಜೋಳದ ಹಿಟ್ಟು ನಾದುತ್ತ ನನಗೆ ಪ್ರಶ್ನೆ ಹಾಕುತ್ತಿದ್ದಳು.

"ಮ್ಯಾಲ ಇದ್ದಿ. ಕೆಂಪ ಹತ್ತೇತಿ. ಏನ ಮಾಡ್ತಿ?"

"ಇಳೀತೀನಿ."

"ಇಳದ ರೊಟ್ಟಿ ತಿಂತಿಯೇನ? ಸುತ್ತಬೇಕಂತ ನೀನ ಬರದಿ ಇಲ್ಲೆ!"

ದಿನಾ ಇದೇ ತಪ್ಪು. ಇಪ್ಪತ್ತೆರಡು ವರ್ಷ ಕೆಂಪು ಕಂಡರೆ ಬಾ ಎಂದು ಕಲಿತ ಮೈ, ಪುಸ್ತಕ ಹೇಳಿದ ಮಾತ್ರಕ್ಕೆ ಕೇಳುತ್ತದೆಯೇ? ಪರೀಕ್ಷಕರ ಎದುರು ಹೀಗೇ ಬಾಯಿ ಜಾರಿದರೆ ನನ್ನ ಒಂದೇ ಸಲ ಮುಗಿದಂತೆ. ಕೊನೆಗೆ ನಾನು ಬದಲಾಗುವುದು ಕಷ್ಟ, ಮನೆಯನ್ನೇ ಬದಲಾಯಿಸಿದರಾಯಿತು ಎಂದು ತೀರ್ಮಾನಿಸಿದೆ. ರಬಕವಿಯಿಂದ ಹಸಿರು ಬಲ್ಬು ತಂದು ಕೆಂಪಿನ ಪಕ್ಕದಲ್ಲಿ ಹಾಕಿಸಿದೆ. ಅಡುಗೆಮನೆಯಲ್ಲಿ ಕೆಂಪಿನ ಹಳೆಯ ಸ್ವಿಚ್ಚು ಕೆಳಗಿತ್ತು, ಹಸಿರಿನದು ಅದರ ಮೇಲೆ, ಎತ್ತರದಲ್ಲಿ ಕೂತಿತು. ಇವತ್ತಿನಿಂದ ಹಸಿರು ಅಂದರೆ ಬಾ, ಕೆಂಪು ಅಂದರೆ ಇನ್ನೂ ಆಗಿಲ್ಲ, ಅಲ್ಲೇ ಇರು ಎಂದು ಸಾರಿದೆ. ದೀಪ ಕಂಡಿತು ಎಂದು ತಿಳಿಸಲು ವಿಮಾನ ಹಗಲಿನಲ್ಲಿ ರೆಕ್ಕೆ ಅಲುಗಿಸುತ್ತದೆ. ಹಾಗಾಗಿ ನಾನು ಶೆಡ್ಡಿನ ಬಾಗಿಲಿಗೆ ಬಂದು ಎರಡೂ ಕೈ ಚಾಚಿ ಎಡಕ್ಕೂ ಬಲಕ್ಕೂ ವಾಲಬೇಕು, ಅವ್ವ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ದೀಪ ಆರಿಸಬೇಕು. ಅಪ್ಪ ಹಣೆ ಹಣೆ ಬಡಿದುಕೊಂಡ.

ಅವ್ವನಿಗೆ ಇದು ಆಟವಾಯಿತು. ಒಮ್ಮೊಮ್ಮೆ ನನ್ನನ್ನು ಪರೀಕ್ಷಿಸಲೆಂದೇ ಕೆಂಪು ಹಾಕಿ ಕಿಟಕಿಯಲ್ಲಿ ನಿಂತು ನಗುತ್ತಿದ್ದಳು. ಪ್ರಾಣಕ್ಕೆ ಕುತ್ತು ಬಂದರೆ ರೇಡಿಯೋದಲ್ಲಿ ಮೇಡೇ ಎಂದು ಮೂರು ಸಲ ಕೂಗಬೇಕು, ಅವಸರವಿದ್ದೂ ಪ್ರಾಣಕ್ಕೆ ಭಯವಿಲ್ಲದಿದ್ದರೆ ಪ್ಯಾನ್ ಪ್ಯಾನ್ ಎಂದು ಮೂರು ಸಲ ಎಂದು ಹೇಳಿಕೊಟ್ಟಾಗ ಅವಳು ಹಣೆಗೆ ಹಚ್ಚಿದ ಮನೆದೇವರ ಭಂಡಾರದ ಅರಿಶಿನ ಮುಟ್ಟಿಕೊಂಡು ಅಂದಳು:

"ಹಾಲ ಉಕ್ಕಿದ್ರ ಪ್ಯಾನ್ ಪ್ಯಾನ್, ಮನಿಗೆ ಬೆಂಕಿ ಬಿದ್ರ ಮೇಡೇ. ಆತು ಬಿಡು. ಮತ್ತ ಬೀರಪ್ಪನ್ನ ಯಾವಾಗ ಕರೀಲಿ?"

ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಅಪ್ಪ ಸೀರೆ ಕೊಡಲು ಜಮಖಂಡಿಗೆ ಹೋಗಿದ್ದ. ಕೆಲಸದವರು ಎರಡು ಮಗ್ಗ ನಿಲ್ಲಿಸಿ ಊಟಕ್ಕೆ ಹೋಗಿದ್ದರು. ಶೆಡ್ಡಿನಲ್ಲಿ ನಾನೊಬ್ಬಳೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದೆ. ಕೆಂಪು ದೀಪ ಹತ್ತಿತು. ಒಂದು ಹೆಜ್ಜೆ ಮುಂದಿಟ್ಟಿದ್ದೆ, ಆದರೆ ಅಷ್ಟರಲ್ಲಿ ನೆನಪಾಯಿತು. ನಿಂತೆ. ಮೊದಲ ಸಲ ನನ್ನ ಮೈ ತಪ್ಪು ಮಾಡಿರಲಿಲ್ಲ! ಎಷ್ಟು ಹಿಗ್ಗಾಯಿತೆಂದರೆ ಬಾಗಿಲಿಗೆ ಓಡಿಬಂದು ಕೈ ಚಾಚಿ ಎಡಕ್ಕೆ ಬಲಕ್ಕೆ ಬೇಕಾದಷ್ಟು ವಾಲಿದೆ, ಜೋರಾಗಿ ನಕ್ಕೆ. ಬಿಸಿಲಿಗೆ ಕಿಟಕಿಯೊಳಗೆ ಏನೂ ಕಾಣಲಿಲ್ಲ. ತಿರುಗಿ ಮಗ್ಗಕ್ಕೆ ಹೋದೆ.

ದೀಪ ಆರಲಿಲ್ಲ. ಅವ್ವ ಇವತ್ತು ಬಿಗಿಯಾಗಿ ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಬದಲಾಗುವ ತನಕ ಸುತ್ತುತ್ತಿರಬೇಕು ಎಂದು ಪುಸ್ತಕದಲ್ಲೇ ಇದೆಯಲ್ಲ. ಕಡಿದ ನೂಲು ಕೂಡಿಸಿದೆ, ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸಿದೆ, ಮಧ್ಯೆ ಮಧ್ಯೆ ದೀಪದ ಕಡೆ ನೋಡಿದೆ. ಎಷ್ಟು ಹೊತ್ತಾಯಿತೋ ಇವತ್ತಿಗೂ ಗೊತ್ತಿಲ್ಲ. ಅರ್ಧ ತಾಸಂತೂ ಆಗಿತ್ತು. ಆಮೇಲೆ ಕರೆಂಟು ಹೋಯಿತು. ನಮ್ಮ ನಾಲ್ಕು ಮಗ್ಗ, ಓಣಿಯ ಮಗ್ಗಗಳು, ಆ ದೀಪ, ಎಲ್ಲ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ಒಂದು ಸದ್ದು ಕೇಳಿತು. ಕರು ಕರೆದಂತೆ ಇತ್ತು.

ಅವ್ವ ಸ್ವಿಚ್ಚಿನ ಬೋರ್ಡಿನ ಕೆಳಗೆ ಬಿದ್ದಿದ್ದಳು. ಎಡಗೈ ಗೋಡೆಗಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಹೆಂಚಿನ ಮೇಲೆ ರೊಟ್ಟಿ ಸುಟ್ಟು ಕರಿಯಾಗಿತ್ತು.

ಜಮಖಂಡಿಯ ಡಾಕ್ಟರು ಲಕ್ವಾ ಅಂದರು, ಬಲಭಾಗ ಹೋಗಿದೆ, ಮಾತು ಬರುವುದು ಕಷ್ಟ, ಇನ್ನೂ ಬೇಗ ತರಬೇಕಿತ್ತು ಅಂದರು. ಅಲ್ಲಿಗೇ ಓಡಿಬಂದ ಅಪ್ಪ ನನ್ನ ಕಡೆ ತಿರುಗಿ, "ಕರೀಲಿಲ್ಲೇನ ನಿನ್ನ?" ಅಂದ. "ಮಗ್ಗದ ಸದ್ದಿನಾಗ ಏನೂ ತಿಳೀಲಿಲ್ಲ," ಅಂದೆ. ಅವನು ನಂಬಿದ. ಸದ್ದಿನಲ್ಲಿ ಕೇಳಲಿಲ್ಲ ಎಂದರೆ ನಮ್ಮ ಓಣಿಯಲ್ಲಿ ಯಾರು ತಾನೇ ನಂಬುವುದಿಲ್ಲ?

ಪರೀಕ್ಷೆಯ ದಿನ ನಾನು ಅವ್ವನ ಬಾಯಿಗೆ ಗಂಜಿ ಹಾಕುತ್ತಿದ್ದೆ. ಪುಸ್ತಕವನ್ನು ಮಗ್ಗದಿಂದ ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದೆ. ಕೆಂಪು ಬಲ್ಬನ್ನೂ ಬಿಚ್ಚಿದೆ. ಹಸಿರಿನದಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ, ಅದು ಧೂಳು ಹಿಡಿದು ಹಾಗೇ ಉಳಿಯಿತು. ಓಣಿಯ ಹೆಂಗಸರು ಮಗಳೆಂದರೆ ಹಿಂಗಿರಬೇಕು, ಇಮಾನ ಬಿಟ್ಟು ಅವ್ವನ ಸೇವೆಗೆ ನಿಂತಳು ಎಂದು ಹೊಗಳಿದರು. ಒಬ್ಬೊಬ್ಬರು ಹೊಗಳಿದಾಗಲೂ ನಾನು ಎದ್ದು ಶೆಡ್ಡಿಗೆ ಹೋಗಿಬಿಡುತ್ತಿದ್ದೆ. ನಿಜ ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ, ಒಬ್ಬಳಿಗೆ ಮಾತು ಬರುತ್ತಿರಲಿಲ್ಲ, ಇನ್ನೊಬ್ಬಳು ಆಡುತ್ತಿರಲಿಲ್ಲ. ಅವ್ವ ನನ್ನನ್ನೇ ದಿಟ್ಟಿಸುತ್ತಿದ್ದಳು. ಕಂಡೂ ಬರಲಿಲ್ಲ ಅಲ್ಲವೇ ಎಂದು ಕೇಳುತ್ತಿದ್ದಾಳೆ ಎಂದು ನಾನು ಓದಿಕೊಳ್ಳುತ್ತಿದ್ದೆ. ಹಳೆಯ ಅಭ್ಯಾಸದಿಂದ ಅವಳ ಕೈ ಕೆಂಪಿಗೆ ಹೋಗಿತ್ತೋ, ಬಿದ್ದಲ್ಲಿಂದ ಕೈಗೆ ಸಿಕ್ಕಿದ್ದೇ ಕೆಳಗಿನ ಸ್ವಿಚ್ಚೋ? ಎರಡನೆಯದಾಗಿದ್ದರೆ ನಾನು ಎತ್ತರದಲ್ಲಿ ಹಾಕಿಸಿದ ಹಸಿರು ಸ್ವಿಚ್ಚು ಅವಳಿಗೆ ಎಟುಕಿರಲಿಲ್ಲ. ಇದೊಂದನ್ನೇ ನಾನು ಮೂರು ವರ್ಷ ತಿರುಗಾ ಮುರುಗಾ ಯೋಚಿಸಿದೆ.

ಮೂರನೇ ವರ್ಷ ಹಾರಾಟ ಶಾಲೆಯಿಂದ ಮತ್ತೊಂದು ಕಾಗದ ಬಂತು. ಹಳೆಯ ಅರ್ಜಿ ಇನ್ನೂ ನಡೆಯುತ್ತದೆ, ಇದೇ ಕೊನೆಯ ಅವಕಾಶ, ಬರುವುದಾದರೆ ತಿಳಿಸಿ. ಅಪ್ಪ ಅವ್ವನ ಎದುರೇ ಅದನ್ನು ಓದಿಸಿಕೊಂಡ.

"ಹೋಗಿ ಬಾ," ಅಂದ. "ನಿಮ್ಮವ್ವನ್ನ ನಾ ನೋಡ್ಕೋತೀನಿ. ಎರಡ ಮಗ್ಗಾ ಬಂದ್ ಮಾಡಿದ್ರಾತು."

"ಬರೂದಿಲ್ಲ ಅಂತ ಬರೀತೀನಿ," ಅಂದು ಎದ್ದು ಶೆಡ್ಡಿಗೆ ಹೋದೆ.

ಮರುದಿನ ಮಧ್ಯಾಹ್ನ ಮಗ್ಗದ ಮುಂದೆ ನಿಂತಿದ್ದಾಗ ಹಸಿರು ದೀಪ ಹತ್ತಿತು. ಮೂರು ವರ್ಷ ಉರಿಯದ ದೀಪ. ಮಗ್ಗ ಬಿಟ್ಟು ಓಡಿದೆ. ಅವ್ವ ಸ್ವಿಚ್ಚಿನ ಬೋರ್ಡಿನ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು, ಕೈಯಲ್ಲಿ ಊರಿ ನಡೆಯುವ ಕೋಲು. ಅದರ ತುದಿಯಿಂದ ಮೇಲಿನ ಸ್ವಿಚ್ಚು ಒತ್ತಿದ್ದಳು. ನೀರು ಬೇಕೇ ಅಂದೆ. ತಲೆ ಅಲ್ಲಾಡಿಸಿದಳು. ಹಸಿವೆಯೇ? ಅಲ್ಲ. ನಾನು ದೀಪ ಆರಿಸಿ ತಿರುಗಿ ಹೋದೆ. ಮತ್ತೆ ಹಸಿರು ಹತ್ತಿತು. ಮತ್ತೆ ಬಂದೆ. ಈ ಸಲ ಅವಳು ಕೋಲಿನಿಂದ ನೆಲಕ್ಕೆ ಕುಟ್ಟಿದಳು. ಸಿಟ್ಟಾಗಿದ್ದಳು. ತೊಡೆಯ ಮೇಲೆ ಆ ಹಳೆಯ ಕ್ಯಾಲೆಂಡರಿನ ಹಾಳೆ ಇತ್ತು, ಹಾಸಿಗೆಯ ಕೆಳಗೆ ಅದನ್ನು ಇಷ್ಟು ದಿನ ಇಟ್ಟುಕೊಂಡದ್ದು ನನಗೆ ಗೊತ್ತೇ ಇರಲಿಲ್ಲ. ಎಡಗೈಯ ಬೆರಳನ್ನು ಎರಡನೇ ಸಾಲಿನ ಮೇಲಿಟ್ಟಳು. ನಾನು ಓದಿದೆ.

"ಹಸಿರು, ಆರದೆ ಉರಿದರೆ. ನೆಲದ ಮೇಲಿದ್ದವರಿಗೆ: ಏರಬಹುದು."

ಅವಳ ಕುರ್ಚಿಯ ಹತ್ತಿರ ನೆಲಕ್ಕೆ ಕೂತೆ. "ನಾ ಹ್ಯಾಂಗ ಹೋಗ್ಲಿ ಬೇ?" ಅಂದೆ. "ಅವತ್ತ ಅಪ್ಪಗ ಸುಳ್ಳ ಹೇಳೇನಿ. ನಾ ಕೆಂಪ ದೀಪಾ ನೋಡಿದ್ದೆ. ನೋಡಿ ಸುಮ್ನ ನಿಂತಿದ್ದೆ. ನೀ ಆಟಾ ಆಡಾಕತ್ತಿ ಅಂತ ತಿಳಿದಿದ್ದೆ."

ಅವ್ವ ನನ್ನ ಮಾತು ಮುಗಿಯುವ ತನಕ ಕಾದಳು. ಆಮೇಲೆ ಕೋಲನ್ನು ಗೋಡೆಗೆ ಆನಿಸಿ ಎಡಗೈಯನ್ನು ಭುಜದ ಮಟ್ಟಕ್ಕೆ ಚಾಚಿದಳು. ಬಲಗೈ ಏಳಲಿಲ್ಲ, ಜೋತುಬಿದ್ದೇ ಇತ್ತು. ಹಾಗೆಯೇ ಕುರ್ಚಿಯಲ್ಲಿ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಸೊಟ್ಟ ಬಾಯಲ್ಲಿ ನಗಲು ನೋಡಿದಳು. ಅವಳ ಹಿಂದಿನ ಕಿಟಕಿಯಲ್ಲಿ ಶೆಡ್ಡಿನ ಬಾಗಿಲು ನಿಚ್ಚಳವಾಗಿ ಕಾಣುತ್ತಿತ್ತು. ಅಂದು ಬೀಳುವ ಮೊದಲೋ, ಗೋಡೆ ಹಿಡಿದು ಏಳಲು ಹೆಣಗುವಾಗಲೋ, ನಾನು ಅಲ್ಲಿ ಕೈ ಚಾಚಿ ಕುಣಿದದ್ದನ್ನು ಅವಳು ನೋಡಿದ್ದಳು. ನಾನು ಯಾಕೆ ಬರಲಿಲ್ಲ ಎಂದು ಮೊದಲ ದಿನದಿಂದಲೂ ಅವಳಿಗೆ ಗೊತ್ತಿತ್ತು.

ನಾನು ಅತ್ತೆ, ಎಷ್ಟೋ ಹೊತ್ತು ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ. ಬಾಗಿಲಿನ ಕಡೆ ಕೋಲು ತೋರಿಸಿದಳು. ಶೆಡ್ಡಿನಲ್ಲಿ ಹಸಿರು ದೀಪ ಇನ್ನೂ ಉರಿಯುತ್ತಿತ್ತು, ನನ್ನ ನಿಯಮದ ಪ್ರಕಾರ ಕಂಡಿತು ಎಂದು ನಾನು ತಿಳಿಸುವ ತನಕ ಅವಳು ಅದನ್ನು ಆರಿಸುವಂತಿರಲಿಲ್ಲ. ಹಿತ್ತಲಿಗೆ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತೆ. ಎರಡೂ ಕೈ ಚಾಚಿ ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಆಗ ಅವಳು ದೀಪ ಆರಿಸಿದಳು.