ಜ್ಞಾನದೇವನ ಶೆನ್ ಸಾಹೇಬರು
ಎಂಬತ್ತರ ದಶಕದ ಕೊನೆಯಲ್ಲಿ ವಿಡಿಯೋ ಜ್ಞಾನದೇವನೆಂದರೆ ಚಿಕ್ಕೋಡಿಯಿಂದ ಉಗಾರದವರೆಗೆ ಎಲ್ಲರಿಗೂ ಗೊತ್ತು. ಟಿ.ವಿ.ಯನ್ನೂ ವಿ.ಸಿ.ಆರನ್ನೂ ಕೌದಿಯಲ್ಲಿ ಸುತ್ತಿಕೊಂಡು ಬಂದು ಚೀನಾದ ಹೊಡೆದಾಟದ ಸಿನಿಮಾ ತೋರಿಸುತ್ತಿದ್ದ. ಮೊದಲು ಟಿ.ವಿ.ಗೆ ಊದಿನಕಡ್ಡಿ ಬೆಳಗುವನು. ಯಾರಿಗೂ ಓದಲು ಬಾರದ ಅಕ್ಷರದಲ್ಲಿ ಹೆಸರು ಮೂಡಿದೊಡನೆ ಕ್ಯಾಸೆಟ್ ನಿಲ್ಲಿಸಿ, “ಟೊಪಗಿ ತಗೀರಿ! ಇವ್ರ ನಮ್ಮ ಡೈರೆಕ್ಟರ್ ಶೆನ್ ಸಾಹೇಬ್ರು,” ಎಂದು ಗದರುವನು. ತನ್ನ ಟೊಪಗಿ ಮಾತ್ರ ತೆಗೆಯುವುದಿಲ್ಲ. ಸಾಹೇಬರ ಪೂಜಾರಿಯಲ್ಲವೇ ಅವನು! ಆ ಹೆಸರು ಕೊಲ್ಲಾಪುರದ ಕ್ಯಾಸೆಟ್ ಅಂಗಡಿಯವನು ಹೇಳಿದ್ದು. ಸಾಹೇಬರ ಚರಿತ್ರೆಯೆಲ್ಲ ಜ್ಞಾನದೇವನೇ ಹೆಣೆದದ್ದು. ಉಗಾರದ ಸಕ್ಕರೆ ಕಾರ್ಖಾನೆಯವರ ಮುಂದೆ ಶೆನ್ ಸಾಹೇಬರು ಕಬ್ಬಿನ ಗಾಡಿ ಹೊಡೆಯುವವನ ಮಗ, ಚಿಕ್ಕೋಡಿಯಲ್ಲಿ ಕೋರ್ಟಿನ ಜವಾನನ ಮಗ, ಬೋರಗಾಂವದ ಮಗ್ಗದವರ ಮುಂದೆ ನೇಕಾರರ ಮನೆಯ ಕೂಸು. “ಅವ್ವ ಮಗ್ಗಾ ನಡಸಿ ಬೆಳಸ್ಯಾಳ್ರಿ ಇವ್ರನ್ನ,” ಎಂದು ಟಿ.ವಿ.ಗೆ ಕೈಮುಗಿಯುವನು. ಬಾಗಿಲಲ್ಲಿ ಟಿಕೇಟು ಹರಿಯುವ ಹೆಂಡತಿ ಸುಂದರಾ, “ಎಷ್ಟ ಮಂದಿ ಅಪ್ಪಗೋಳ್ರಿ ನಿಮ್ಮ ಸಾಹೇಬ್ರಿಗೆ?” ಎಂದು ನಗುವಳು. ಒಮ್ಮೆ ಬೋರಗಾಂವದಲ್ಲಿ ಹೊಸ ಕ್ಯಾಸೆಟ್ ಹಾಕಿದಾಗ, ಹೊಡೆದಾಟದ ನಡುವೆ ಹರೆಯದ ನಾಯಕಿ ಮಗ್ಗಕ್ಕೆ ಕೂತಳು. ಮರುಗಳಿಗೆ ಪರದೆ ತುಂಬ ಎರಡೇ ಕೈ: ಸುಕ್ಕುಗಟ್ಟಿದ ಕೈ, ಹರಿದ ಎಳೆಯನ್ನು ನೋಡದೆಯೇ ಗಂಟು ಹಾಕುವ ಕೈ. ಮಗ್ಗಕ್ಕೆ ನೂಲು ಸುತ್ತುವ ಮುದುಕಿ ತುಳಸವ್ವ ಎದ್ದು ನಿಂತಳು. “ನಿಂದರಸೋ ತಮ್ಮಾ. ಈ ಕೈ ಆ ಹುಡುಗೀವು ಅಲ್ಲ. ನೀ ಹೇಳಿದ್ದು ಖರೇ ಐತಿ. ಸಾಹೇಬ ತನ್ನ ಅವ್ವನ ಕೈ ತೋರಸ್ಯಾನ.” ಇಷ್ಟು ವರ್ಷ ಊರವರ ಟೊಪಗಿ ತೆಗೆಸಿದ ಜ್ಞಾನದೇವ ಮೆಲ್ಲಗೆ ತನ್ನದನ್ನು ತೆಗೆದ. ಮುಂದೆ ಉಗಾರಕ್ಕೆ ಹೋದರೂ ಚಿಕ್ಕೋಡಿಗೆ ಹೋದರೂ ಶೆನ್ ಸಾಹೇಬರು ಆ ಒಬ್ಬ ತಾಯಿಯ ಮಗನೇ. ಸಾಹೇಬರ ಅಪ್ಪಂದಿರ ಮಾತೆತ್ತಿ ಸುಂದರಾ ಮತ್ತೆ ನಗಲಿಲ್ಲ.